ದಾರ ಬಿಚ್ಚಿದ ಎರಡು ಪುಸ್ತಕಗಳು

೨೦೬೧ ಮಾರ್ಚ್ ೯, ಮಧ್ಯಾಹ್ನ ೩ ಗಂಟೆ ೪೦ ನಿಮಿಷ. ಮಂಗಳೂರಿನ ವಾಚನಾಲಯದಲ್ಲಿ ಕಮ್ಯುನಿಸಂ, ಫ್ಯಾಸಿಸಂಗಳ ಎರಡು ಚರಿತ್ರೆಗಳನ್ನು ಕಪಾಟಿಗೆ ಕಟ್ಟಿದ್ದ ದಾರವನ್ನು ನಾನು ಬಿಚ್ಚಿದೆ. ದಾರ ಬಿಚ್ಚಿದ ಎಲ್ಲ ಪುಸ್ತಕಗಳಂತೆ ಅವೂ ಮೇಲೆದ್ದು ತೇಲಿದವು. ತೆರೆದ ಪುಟಗಳು ಒಂದೇ ಮಾತು ಹೇಳಿದರೆ ಪುಸ್ತಕಗಳು ಹತ್ತಿರ ಬರುತ್ತವೆ, ಇಲ್ಲದಿದ್ದರೆ ದೂರ ಸರಿಯುತ್ತವೆ.

ಆ ಎರಡು ಸಿದ್ಧಾಂತಗಳೂ ಒಂದೇ ಎಂದು ಅಕ್ಕ ವಿಲ್ಮಾ, ಅಲ್ಲವೇ ಅಲ್ಲ ಎಂದು ನಾನು ಜಗಳವಾಡಿ ಮೂರು ವರ್ಷ ಮಾತು ಬಿಟ್ಟಿದ್ದೆವು. ಇವತ್ತು ಪುಸ್ತಕಗಳ ಅಂತರ ಅಳೆದು ಜಗಳ ಮುಗಿಸಲು ಬಂದಿದ್ದೆವು.

ಎರಡರಲ್ಲೂ ಮೊದಲ ಅಧ್ಯಾಯ ತೆರೆದೆ. ಒಂದರಲ್ಲಿ ಸಮಾನತೆಯ ಕನಸು, ಇನ್ನೊಂದರಲ್ಲಿ ಜನಾಂಗದ ಹೆಮ್ಮೆ. ಅವು ಎದುರುಬದುರು ಗೋಡೆಗೆ ಹೋಗಿ ನಿಂತವು.

"ನೋಡಿದ್ಯಾ?" ಎಂದೆ.

"ಸೆರೆಶಿಬಿರದ ಅಧ್ಯಾಯ ತೆಗಿ ಮಾರಾಯ್ತಿ."

ತೆಗೆದೆ. ಅವು ಮೆಲ್ಲನೆ ಮರಳಿ ಬಂದವು.

"ಮುಟ್ಟಿದ್ವು!"

"ಇಲ್ಲ ಅಕ್ಕಾ, ಸಂದು ಉಂಟು."

ಅಳತೆಪಟ್ಟಿ ಓದಲು ಇಬ್ಬರೂ ಬಗ್ಗಿದೆವು. ಭುಜಕ್ಕೆ ಭುಜ ತಾಗಿತು; ಅವಳು ಸರಿಯಲಿಲ್ಲ. ಪುಸ್ತಕಗಳ ನಡುವಿನ ಅಂತರ ನಾಲ್ಕು ಮಿಲಿಮೀಟರ್.