ಸೀಟಿನಡಿಯ ಸ್ವಿಚ್ಚು

“ನನಗೆ ಬ್ಲೇಡೇ ಸಾಕು ಕಣಪ್ಪ. ಹಿಮಾನ ಪಕ್ಕಕ್ಕೆ ತಳ್ಳಿದರೆ ಆಯ್ತಲ್ಲ. ಎತ್ತಿ ಎಸೀಲೇಬೇಕು ಅಂತ ಎಲ್ಲಿ ಬರೆದಿದೆ?” ಎಂದರು ಲೆಂಪಿ, ಅಂಗಡಿಯ ಅಂಗಳದಲ್ಲಿ ನಿಂತಿದ್ದ ಪುಟ್ಟ ತೋಟದ ಟ್ರ್ಯಾಕ್ಟರಿನ ಮೂತಿಯ ಮೇಲೆ ಕೈಯಿಟ್ಟು.

ಅಂಗಡಿಯ ಗ್ಲೆನ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸುಪೀರಿಯರ್ ಸರೋವರದ ದಂಡೆಯ ಆ ಊರಿನಲ್ಲಿ ಒಂದು ಚಳಿಗಾಲಕ್ಕೆ ಕಿಟಕಿ ಮುಚ್ಚಿಹೋಗುವಷ್ಟು ಹಿಮ ಬೀಳುತ್ತದೆ. ಟ್ರ್ಯಾಕ್ಟರಿನ ಮುಂದೆ ಕಟ್ಟುವ ಅಗಲವಾದ ತಗಡಿನ ಬ್ಲೇಡಿನಿಂದ ತಳ್ಳುತ್ತ ಹೋದರೆ ಜನವರಿಯ ಹೊತ್ತಿಗೆ ದಾರಿಯ ಎರಡೂ ಬದಿ ಗೋಡೆ ಎದ್ದು, ಮುಂದೆ ತಳ್ಳಲು ಜಾಗವೇ ಇರುವುದಿಲ್ಲ. ಅದಕ್ಕೇ ಅಲ್ಲಿಯವರೆಲ್ಲ ಹಿಮವನ್ನು ನುಂಗಿ ಕೊಳವೆಯಿಂದ ದೂರಕ್ಕೆ ಉಗುಳುವ ಬ್ಲೋವರ್ ಕೊಳ್ಳುತ್ತಾರೆ. ಊರಿಗೆ ಹೊಸಬರು ಬ್ಲೇಡು ಕೇಳಿದರೆ ಮಾತು ಬೇರೆ. ಮೂವತ್ತೊಂದು ವರ್ಷ ಅದೇ ಹಿಮದಲ್ಲಿ ಶಾಲೆಯ ಬಸ್ಸು ಓಡಿಸಿದ ಲೆಂಪಿಯಂಥ ಹೆಂಗಸು ಕೇಳುವುದೇ?

 ಹಿಂದಿನ ದಿನ ಲೆಂಪಿ ಫೋನಿನಲ್ಲಿ ಎಲ್ಲ ಹೇಳಿಕೊಂಡಿದ್ದರು. ಗಂಡ ಆರ್ವೋಗೆ ಏಪ್ರಿಲ್‌ನಲ್ಲಿ ಹೃದಯಾಘಾತವಾಗಿತ್ತು. ಇನ್ನು ಸಲಿಕೆ ಮುಟ್ಟಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೋದ ವಾರ ಮೊದಲ ಹಿಮ ಬಿದ್ದಾಗ ಲೆಂಪಿಯೇ ಹಿತ್ತಲಿನ ಸೌನಾದವರೆಗೆ ದಾರಿ ತೋಡಿ, ಒಲೆ ಹೊತ್ತಿಸಿ, ಉಗಿಸ್ನಾನಕ್ಕೆ ಕರೆದರು. ಮದುವೆಯಾದಂದಿನಿಂದ ಒಂದು ಶನಿವಾರವೂ ಸೌನಾ ತಪ್ಪಿಸದಿದ್ದ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. “ನೀನು ತೋಡಿದ ದಾರೀಲಿ ನಾನು ಟವೆಲ್ ಹಿಡ್ಕೊಂಡು ನಡೀಬೇಕಾ?” ಎಂದಷ್ಟೇ ಹೇಳಿ ಗೋಡೆ ನೋಡುತ್ತ ಕೂತರಂತೆ. “ಊಟಾನೂ ಸರಿಯಾಗಿ ಮಾಡ್ತಿಲ್ಲ ಗ್ಲೆನ್. ಹೀಗೇ ಕೂತ್ರೆ ಅವನು ಈ ಚಳಿಗಾಲ ದಾಟಲ್ಲ,” ಎಂದಿದ್ದರು ಲೆಂಪಿ. ಕೂತುಕೊಂಡು ಹಿಮ ತೆಗೆಯುವುದೂ ಒಂದು ಕೆಲಸವಾ ಎಂದು ಹಂಗಿಸಿ ಆರ್ವೋ ಟ್ರ್ಯಾಕ್ಟರಿನ ಮಾತನ್ನೇ ತಳ್ಳಿಹಾಕಿದ್ದರು.

ಈಗಲೂ ಅವರು ಅಂಗಳದಂಚಿನ ಪಿಕಪ್ ಗಾಡಿಯಲ್ಲಿ ಗಾಜು ಏರಿಸಿಕೊಂಡು ಕೂತಿದ್ದರು. ಬ್ಲೇಡಿನ ಮಾತು ಕೇಳಿಸಿತೇನೋ, ಗಾಜು ನಾಲ್ಕು ಬೆರಳು ಕೆಳಗಿಳಿಯಿತು.

“ಬ್ಲೇಡಂತೆ ಬ್ಲೇಡು. ಫೆಬ್ರವರೀಲಿ ತಳ್ಳಿದ್ದನ್ನ ಮಂಚದ ಕೆಳಗೆ ಹಾಕ್ತೀಯಾ?”

“ನಿನಗ್ಯಾಕೆ ಆ ಚಿಂತೆ? ಓಡಿಸೋಳು ನಾನು. ನೀನು ಗಾಜು ಏರಿಸ್ಕೊ, ಥಂಡಿ ಆಗುತ್ತೆ.”

ಗಾಜು ಮೇಲೇರಲಿಲ್ಲ. ಇದನ್ನೂ ಒಮ್ಮೆ ಓಡಿಸಿ ನೋಡಿ ಎಂದು ಗ್ಲೆನ್ ಬ್ಲೋವರ್ ಕಟ್ಟಿದ್ದ ಇನ್ನೊಂದು ಟ್ರ್ಯಾಕ್ಟರ್ ಚಾಲೂ ಮಾಡಿ ಕೊಟ್ಟ. ಲೆಂಪಿ ಹತ್ತಿ ಕೂತು ಹತ್ತಡಿ ಹೋಗಿ, ಹಿಂದಕ್ಕೆ ತಿರುಗಿ ನೋಡಿದರು. ಎಂಜಿನ್ ನಿಂತುಹೋಯಿತು.

“ಸೀಟಿನ ಕೆಳಗೊಂದು ಸ್ವಿಚ್ಚಿದೆ ಲೆಂಪಿಯಮ್ಮ. ನೀವು ಸ್ವಲ್ಪ ಎದ್ದರೂ ಎಂಜಿನ್ ಆಫ್ ಆಗುತ್ತೆ. ಬಿದ್ದುಗಿದ್ದು ಅಪಾಯ ಆಗ್ಬಾರ್ದು ಅಂತ. ಊರಿ ಕೂತ್ಕೊಳ್ಳಿ.”

ಎರಡನೇ ಸಲವೂ ನಿಂತಿತು. ರಿಪೇರಿ ಶೆಡ್ಡಿನ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದ ಮೆಕ್ಯಾನಿಕ್‌ಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. “ಬಸ್ಸಿಗೂ ಇದಕ್ಕೂ ಅಜಗಜಾಂತರ ಬಿಡಮ್ಮ,” ಎಂದ ಒಬ್ಬ. ಲೆಂಪಿಯ ಕಿವಿಯ ತನಕ ಕೆಂಪೇರಿತು. ಚಿಕ್ಕಂದಿನಲ್ಲಿ ಆ ಬಸ್ಸಿನಲ್ಲೇ ಶಾಲೆಗೆ ಹೋದ ಗ್ಲೆನ್‌ಗೆ ಪಿಚ್ಚೆನಿಸಿತು. ಮೂರನೇ ಸಲ ಅವನು ಪಕ್ಕದಲ್ಲೇ ನಡೆಯುತ್ತ ಹೋದ. ಆಗ ಕಣ್ಣಾರೆ ಕಂಡ. ಲೆಂಪಿ ಓರೆಗಣ್ಣಿನಿಂದ ಪಿಕಪ್ಪಿನ ಕಡೆ ನೋಡಿ, ಸ್ಟಿಯರಿಂಗ್ ಮೇಲೆ ಭಾರ ಹಾಕಿ, ಸೀಟಿನಿಂದ ಮೆಲ್ಲಗೆ ಮೇಲೆದ್ದರು. ಎಂಜಿನ್ ಮತ್ತೆ ನಿಂತಿತು.

ಓಹೋ, ಬ್ಲೇಡಿನ ಮಾತೂ ಇದೇ ನಾಟಕದ್ದು. ಗ್ಲೆನ್ ಪಿಕಪ್ಪಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ: “ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಲೆಂಪಿಯಮ್ಮ.” ಆ ಮಾತು ಹೇಳಿದ್ದಕ್ಕೆ ಅವನಿಗೇ ಸಂಕಟವಾಯಿತು.

ಪಿಕಪ್ಪಿನ ಬಾಗಿಲು ತೆರೆಯಿತು.

“ಇಳಿ ಕೆಳಗೆ,” ಎಂದರು ಆರ್ವೋ. ಮೈ ಇಳಿದುಹೋಗಿ ಕೋಟು ಜೋತಾಡುತ್ತಿತ್ತು. ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದು, ಚಕ್ರದ ಸರಪಳಿ ಎಳೆದು ನೋಡಿದರು. “ಹಿಂದಕ್ಕೆ ಭಾರ ಕಟ್ಟಿಲ್ಲವಲ್ಲೋ, ಇಳಿಜಾರಲ್ಲಿ ಜಾರಲ್ವಾ? ಅಗಲ ಎಷ್ಟು?”

“ನಲವತ್ತೆರಡು ಇಂಚು.”

“ಸೌನಾ ದಾರಿಗೆ ಸರಿಹೋಗುತ್ತೆ.”

ಅಷ್ಟು ಹೇಳಿ ಹತ್ತಿ ಕೂತರು. ಕೊಳವೆಯಿಂದ ಚಿಮ್ಮಿದ ಹಿಮ ಬೇಲಿ ದಾಟಿ ಬಿತ್ತು. ಆರ್ವೋ ಒಂದು ಗೆರೆ ತೆಗೆದು ನಿಲ್ಲಿಸಲಿಲ್ಲ. ಅಂಗಳವನ್ನೆಲ್ಲ ಈ ಕೊನೆಯಿಂದ ಆ ಕೊನೆಗೆ ಬಳಿದು, ಪಕ್ಕದ ಬೇಕರಿಯ ಮುಂದಿನದನ್ನೂ ತೆಗೆದುಕೊಟ್ಟರು. ಆ ಊರಲ್ಲಿ ಯಂತ್ರ ಇದ್ದವರು ಪಕ್ಕದವರ ಬಾಗಿಲನ್ನು ಬಿಟ್ಟು ಬರುವುದಿಲ್ಲ. ಲೆಂಪಿ ಆ ಕಡೆ ತಿರುಗಿ, ಥಂಡಿ ಥಂಡಿ ಎನ್ನುತ್ತ ಕೈಗವಸಿನಲ್ಲಿ ಮೂಗು ಒರೆಸಿಕೊಂಡು, ಕಾಗದಕ್ಕೆ ಸಹಿ ಹಾಕಲು ಒಳಗೆ ಹೋದರು.

ಆರ್ವೋ ಎಂಜಿನ್ ನಿಲ್ಲಿಸಿ ಗ್ಲೆನ್‌ನನ್ನು ಹತ್ತಿರ ಕರೆದರು.

“ಆ ಇಬ್ಬರು ನಕ್ಕರಲ್ಲ?”

“ತಪ್ಪಾಯ್ತು ಯಜಮಾನ್ರೇ. ನಾನು ಅವರಿಗೆ ಬುದ್ಧಿ ಹೇಳ್ತೀನಿ.”

“ಬೇಡ ಬಿಡು.” ಅವರ ಕಣ್ಣು ಲೆಂಪಿ ಹೋದ ಬಾಗಿಲ ಮೇಲೇ ಇತ್ತು. “ಯಾರೆದುರೂ ತಲೆ ತಗ್ಗಿಸಿದವಳಲ್ಲ ಅವಳು. ಇವತ್ತು ಬೇಕಂತಲೇ ಮೂರು ಸಲ ಸೋತಳು. ನಾಲ್ಕನೇ ಸಲ ನೋಡೋಷ್ಟು ಗಟ್ಟಿ ಇಲ್ಲಪ್ಪ ನನ್ನ ಎದೆ.”