ಒಂಬತ್ತನೇ ಮೆಟ್ಟಿಲು

"ನೋಡಿ, ಇಲ್ಲಿ ಬಗ್ಗಿ ನೋಡಿ," ಎಂದಳು ಗೈಡ್ ಆರ್ಡಿತ್ ಕೆಸೆಲ್, ಹಳೆಯ ಕಾಲದ ವೇಷದ ನೆಲ ಗುಡಿಸುವ ಉದ್ದ ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೊದಲ ಮೆಟ್ಟಿಲಿನ ಅಂಚಿನಲ್ಲಿದ್ದ ಗಾಯ ತೋರಿಸುತ್ತ. "ಅಂತರ್ಯುದ್ಧದ ಕಾಲ. ಕ್ಯಾಪ್ಟನ್ ಹಾರ್ಗ್ರೋವ್‌ಗೆ ಒಂದೇ ಒಂದು ದಿನದ ರಜೆ. ಹೆಂಡ್ತಿ ಮುಖ ನೋಡೋ ಆತುರ ಬೇರೆ. ಕುದುರೆಯಿಂದ ಇಳಿದವನೇ ಬೂಟೂ ಬಿಚ್ಚದೆ ಮೇಲಕ್ಕೆ ಓಡಿದ. ಕುದುರೆ ತಿವಿಯೋಕೆ ಹಿಮ್ಮಡಿಗೆ ಕಟ್ಟಿರ್ತಾರಲ್ಲ ಕಬ್ಬಿಣದ ಮುಳ್ಳು, ಅದು ಒಂದೊಂದು ಮೆಟ್ಟಿಲನ್ನೂ ಹೀಗೆ ಕಚ್ಚಿಬಿಡ್ತು."

ಸಿನ್ಸಿನಾಟಿಯಿಂದ ಬಸ್ಸಿನಲ್ಲಿ ಬಂದಿದ್ದ ನಿವೃತ್ತರ ಗುಂಪು ಮೆಟ್ಟಿಲಿಗೆ ಅಡ್ಡ ಕಟ್ಟಿದ್ದ ಹಗ್ಗದ ಆಚೆಯಿಂದ ಕತ್ತು ಚಾಚಿತು. ಅವರಲ್ಲೊಬ್ಬ ಗುರುತುಗಳನ್ನು ಬೆರಳು ಮಡಿಸಿ ಎಣಿಸಿದ. "ಮೆಟ್ಟಿಲು ಹದಿಮೂರು, ಗುರುತು ಒಂಬತ್ತಕ್ಕೇ ನಿಂತುಹೋಗಿದೆ. ಉಳಿದ ನಾಲ್ಕನ್ನ ಹಾರಿಬಿಟ್ನಾ ನಿಮ್ಮ ಕ್ಯಾಪ್ಟನ್ನು?"

"ಮೇಲಿಂದ ಹೆಂಡ್ತಿ ಗದರಿದ್ಳು, 'ಆ ಕೊಳಕು ಬೂಟು ಅಲ್ಲೇ ಬಿಚ್ಚಿ' ಅಂತ. ಫಿರಂಗಿಗೆ ಹೆದರದವನು ಅಲ್ಲಿ ಹೆದರಿದ."

ಎಲ್ಲರೂ ಗೊಳ್ಳೆಂದು ನಕ್ಕರು. ಮೂವತ್ತೊಂದು ವರ್ಷಗಳಿಂದ ಜನ ಈ ಮಾತಿಗೆ ಇಲ್ಲೇ ನಿಂತು ನಗುತ್ತಿದ್ದಾರೆ. ಹೇಳುವ ಆರ್ಡಿತ್ ಮಾತ್ರ ಒಮ್ಮೆಯೂ ನಕ್ಕಿರಲಿಲ್ಲ. ಇವತ್ತು ಇನ್ನೊಬ್ಬಳೂ ನಗಲಿಲ್ಲ. ಮೂರು ತಿಂಗಳ ಹಿಂದೆ, ಈಗ ಮ್ಯೂಸಿಯಂ ಆಗಿರುವ ಈ ಹಳೆಯ ಬಂಗಲೆಯ ಮೇಲ್ವಿಚಾರಕಿಯಾಗಿ ಬಂದಿದ್ದ ಟೆಸ್ಸಾ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಬಸ್ಸು ಹೊರಟ ಮೇಲೆ ಟೆಸ್ಸಾ ಹತ್ತಿರ ಬಂದಳು. "ಆರ್ಡಿತ್, ನಿಮಗೆ ಬೇಜಾರಾಗುತ್ತೆ, ಆದ್ರೂ ಹೇಳಲೇಬೇಕು. ನಿನ್ನೆ ಮೆಟ್ಟಿಲ ಕೆಳಗಡೆ ನುಗ್ಗಿ ನೋಡಿದೆ. ಹಲಗೆಯ ಹಿಂಬದಿಗೆ ಮೆಟ್ಟಿಲು ಮಾಡಿದ ಬಡಗಿ ತನ್ನ ಹೆಸರು, ಇಸವಿ ಬರೆದಿದ್ದಾನೆ. ಸಾವಿರದ ಒಂಬೈನೂರ ನಾಲ್ಕು. ಕ್ಯಾಪ್ಟನ್ ಸತ್ತು ಆಗಲೇ ಹದಿನೈದು ವರ್ಷ ಆಗಿತ್ತು."

ಆರ್ಡಿತ್ ತಲೆಯ ಟೊಪ್ಪಿಗೆಯ ದಾರ ಬಿಚ್ಚಿದಳು.

"ನಮ್ಮ ಮ್ಯೂಸಿಯಂ ಸಮಿತಿಯವರಿಗೆ ತಿಳಿಸಿದ್ದೀನಿ. ಸುಳ್ಳು ಕಥೆಗೆ ಹಗ್ಗ ಯಾಕೆ ಅಂದ್ರು. ಸೋಮವಾರ ಮರಗೆಲಸದ ರಾಯ್ ಬಂದು ಹದಿಮೂರು ಮೆಟ್ಟಿಲನ್ನೂ ಉಜ್ಜಿ, ಹೊಸ ಪಾಲಿಶ್ ಹಾಕ್ತಾನೆ."

"ಬೇಡ," ಎಂದಳು ಆರ್ಡಿತ್. ಎಪ್ಪತ್ತನಾಲ್ಕರ ಮುದುಕಿ ಮಗುವಿನಂತೆ ಮೆಟ್ಟಿಲ ಮೇಲೆ ಕುಳಿತು, ಆ ಗಾಯವನ್ನು ಅಂಗೈಯಿಂದ ಮುಚ್ಚಿಕೊಂಡಳು. "ಕ್ಯಾಪ್ಟನ್ ಕಥೆ ನಾನೇ ಕಟ್ಟಿದ್ದು. ಆದ್ರೆ ಈ ಗುರುತು ಸುಳ್ಳಲ್ಲ ಮಗಾ. ಇದು ನನ್ನ ತಂಗಿ ನೋರೀನ್ ಮಾಡಿದ್ದು."

ಟೆಸ್ಸಾಳೂ ಮೆಲ್ಲನೆ ಪಕ್ಕದಲ್ಲಿ ಕುಳಿತಳು.

"ನಮ್ಮಮ್ಮ ಈ ಮನೇಲಿ ಅಡುಗೆ ಮಾಡ್ತಿದ್ಳು. ನಾನಿನ್ನೂ ಹುಡುಗಿ, ಒಂದು ಬೇಸಿಗೇಲಿ ಪೋಲಿಯೊ ಬಂದು ನೋರೀನ್ ಎಡಗಾಲು ಹೋಯ್ತು. ಆರು ವರ್ಷ ಅವಳಿಗೆ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಮೆಟ್ಟಿಲು ಹತ್ತಿಸಿ ಅಂದ್ರು ಡಾಕ್ಟ್ರು. ನಮ್ಮನೇಲಿ ಮೆಟ್ಟಿಲೆಲ್ಲಿತ್ತು? ಇಲ್ಲಿ ಯಜಮಾನಿ ಇದ್ರಲ್ಲ, ಕ್ಯಾಪ್ಟನ್ ಮೊಮ್ಮಗಳು, 'ನಮ್ಮ ಮೆಟ್ಟಿಲು ತಗ್ಗಾಗಿದೆ, ಕರ್ಕೊಂಡು ಬಾ' ಅಂದ್ರು. ಸಂಜೆ ಸಂಜೆ ಕುರ್ಚಿ ಹಾಕ್ಕೊಂಡು ಇಲ್ಲೇ ಕೂತ್ಕೊಳ್ಳೋರು. ಒಂದು ಹೊಸ ಮೆಟ್ಟಿಲಿಗೆ ಒಂದು ಪೆಪ್ಪರ್‌ಮಿಂಟು."

ಅಡುಗೆಮನೆಯಲ್ಲಿ ಅಮ್ಮ ಸೇಬು ಬೇಯಿಸುತ್ತಿದ್ದ ವಾಸನೆ ಆರ್ಡಿತ್‌ಗೆ ಅರವತ್ತು ವರ್ಷ ದಾಟಿ ಈಗಲೂ ಬಂತು. ಎಷ್ಟು ಸುಖದ ಸಂಜೆಗಳು ಅವು! ತನ್ನ ಕೆಲಸ ಹಿಂದೆ ನಿಂತು ತಂಗಿಯ ಫ್ರಾಕು ಹಿಡಿದುಕೊಳ್ಳುವುದು. ಕಾಲನ್ನು ಎತ್ತಿ ಇಡಲು ಅವಳಿಗೆ ಆಗುತ್ತಿರಲಿಲ್ಲ, ಸೊಂಟದಿಂದ ಬೀಸಿ ಎಸೆಯಬೇಕಿತ್ತು. ಟಣ್ ಎಂದು ಕಬ್ಬಿಣ ಮರಕ್ಕೆ ಬಡಿದಾಗಲೆಲ್ಲ ಅಡುಗೆಮನೆಯಿಂದ ಅಮ್ಮ "ಅಯ್ಯೋ, ಮೆಟ್ಟಿಲು!" ಎನ್ನುತ್ತಿದ್ದಳು. "ಮೆಟ್ಟಿಲಿಗೇನು, ಇರುತ್ತೆ ಬಿಡು," ಎನ್ನುತ್ತಿದ್ದರು ಯಜಮಾನಿ.

"ಮೇಲಿನ ಕಿಟಕಿಯಿಂದ ನದಿ ನೋಡ್ಬೇಕು ಅಂತ ಅವಳ ಹಟ. ನಾನು ಎತ್ಕೊಂಡು ಹೋಗ್ತೀನಿ ಅಂದ್ರೆ ಕಚ್ಚೋಕೆ ಬರೋಳು. ಈಸ್ಟರ್ ಹಿಂದಿನ ದಿನ ಒಂಬತ್ತು ಹತ್ತಿದ್ಳು. ಆಮೇಲೆ ಜ್ವರ ಬಂತು. ಎದೇಲಿ ಕಫ ಕಟ್ಟಿ ಹೋಗ್ಬಿಟ್ಳು. ಹತ್ತನೇ ಮೆಟ್ಟಿಲು ಹತ್ತಲೇ ಇಲ್ಲ."

ಟೆಸ್ಸಾ ಕೇಳಿದಳು, "ಇದನ್ನೇ ಹೇಳಬಹುದಿತ್ತಲ್ಲ? ಕ್ಯಾಪ್ಟನ್ ಯಾಕೆ?"

"ಯಾಕೆ ಅಂದ್ರೆ? ಸಮಿತಿ ಈ ಮನೆ ತಗೊಂಡಾಗ ಮೊದಲು ಮಾಡೋಕೆ ಹೊರಟಿದ್ದೇ ಮೆಟ್ಟಿಲು ಉಜ್ಜೋ ಕೆಲಸ. ನಾನು ಕಸ ಹೊಡೀತಾ ನಿಂತಿದ್ದೆ. ಬಾಯಿಗೆ ಬಂದಿದ್ದು ಹೇಳಿದೆ. ಯುದ್ಧದ ಗುರುತು ಅಂದ ಕೂಡಲೇ ಹಗ್ಗ ಕಟ್ಟಿದ್ರು, ಬೋರ್ಡ್ ಹಾಕಿದ್ರು, ಇಬ್ಬರು ಕಣ್ಣೂ ಒರೆಸ್ಕೊಂಡ್ರು. ಅಡುಗೆಯವಳ ಕುಂಟು ಮಗಳ ಗುರುತು ಅಂದಿದ್ರೆ ಅವತ್ತೇ ಉಜ್ಜಿ ಪಾಲಿಶ್ ಹಾಕ್ತಿದ್ರು. ನೀವೂ ಸೋಮವಾರ ಹಾಕ್ತೀರಿ."

ಟೆಸ್ಸಾ ಎದ್ದು, ಒಂದೊಂದೇ ಗುರುತು ನೋಡುತ್ತ ಮೇಲೆ ಹತ್ತಿದಳು. ಗಾಯಗಳು ಮೇಲೆ ಮೇಲೆ ಹೋದಂತೆ ಸಣ್ಣವಾಗುತ್ತಿದ್ದವು. ಒಂಬತ್ತನೆಯದು ಉಗುರು ತಾಗಿದಷ್ಟೇ ಇತ್ತು. ಹುಡುಗಿ ಕಾಲು ಎತ್ತಿಡಲು ಕಲಿತೇಬಿಟ್ಟಿದ್ದಳು.

ಅವಳು ಕೆಳಗಿಳಿದು ಬಂದು, ಹಗ್ಗಕ್ಕೆ ನೇತುಹಾಕಿದ್ದ ಕ್ಯಾಪ್ಟನ್ನನ ಬೋರ್ಡನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. ಹಗ್ಗವನ್ನು ಮುಟ್ಟಲಿಲ್ಲ. ಜೇಬಿನಿಂದ ಫೋನು ತೆಗೆದಳು.

"ರಾಯ್, ಸೋಮವಾರದ ಕೆಲಸ ಹತ್ತನೇ ಮೆಟ್ಟಿಲಿಂದ ಶುರು ಮಾಡಿ. ಕೆಳಗಿನ ಒಂಬತ್ತನ್ನ ಮುಟ್ಟಬೇಡಿ. ಅವು ನೋರೀನ್‌ದು."