ಜೇಬೆಜ್ ಬಿಟ್ಟ ಕಂಡಿ

ಒಡ್ಡಿನ ಹಿಂದಿನ ನೀರನ್ನು ತಪಾಸಣೆಗೆಂದು ಇಳಿಸಿದ್ದರು. ಕೆಸರಿಗಿಳಿದ ವರ್ನಾ ಲಫ್ಕಿನ್, ಕಲ್ಲೊಡ್ಡಿನ ಒಳಮಗ್ಗುಲಲ್ಲಿ ತಲೆಯೆತ್ತಿದ್ದ ಕರಿಯ ಮರದ ಕಂಬವೊಂದರ ಮೇಲೆ ಬರಿಗೈ ಆಡಿಸಿದಳು. ಬೆರಳಿಗೆ ಉಳಿಯ ಗೀರುಗಳು ತಾಗಿದವು. ಹಕ್ಕಿಯ ಹೆಜ್ಜೆಯಂತೆ ಒಂದೆಡೆ ಕೂಡುವ ಗೀರುಗಳು. ಬಿಡಿ ಮರಗಳನ್ನು ಹೊಂದಿಸುವ ಮುನ್ನ ಬಡಗಿಗಳು ತಂತಮ್ಮ ಗುರುತು ಕೊರೆಯುವುದು ಹಿಂದಿನ ಕಾಲದ ವಾಡಿಕೆ. ಪಕ್ಕದ ಊರಿನ ಹಳೆಯ ಕೊಟ್ಟಿಗೆಯೊಂದರ ತೊಲೆಯಲ್ಲಿ ಆಕೆ ಇದೇ ಗುರುತನ್ನು ಮುಟ್ಟಿ ಬಂದಿದ್ದಳು. ಇದು ಜೇಬೆಜ್ ಲಫ್ಕಿನ್ನನ ಕೈ.

“ಸಿಕ್ಕಿದ ಕಣೋ,” ಎಂದಳು ದಡದಲ್ಲಿ ನಿಂತಿದ್ದ ತಮ್ಮನಿಗೆ. ದನಿಯಲ್ಲಿ ಹಿಗ್ಗಿಗಿಂತ ಆಯಾಸವೇ ಹೆಚ್ಚಿತ್ತು.

ಏಳು ತಲೆಮಾರು ಹಿಂದೆ, ಆ ಸೀಮೆಯನ್ನು ಇನ್ನೂ ಇಂಗ್ಲೆಂಡಿನ ಅರಸ ಆಳುತ್ತಿದ್ದಾಗ, ಹೊಳೆಯಿಂದ ಹೊಳೆಗೆ ನಡೆದು ಕಂಡವರಿಗೆಲ್ಲ ನೀರಿನ ಗಿರಣಿ ಕಟ್ಟಿಕೊಟ್ಟವನು ಜೇಬೆಜ್, ವರ್ನಾಳ ತವರಿನ ಪೂರ್ವಜ. ತನಗೆಂದು ಒಂದನ್ನೂ ಕಟ್ಟಿಕೊಳ್ಳಲಿಲ್ಲ. ಕಟ್ಟಿದವು ಸುಟ್ಟುಹೋದವು, ಕೊಚ್ಚಿಹೋದವು. ಅವನ ಗೋರಿ ಎಲ್ಲಿದೆಯೆಂದು ಬಲ್ಲವರಿಲ್ಲ. ಗಂಡ ತೀರಿಕೊಂಡಂದಿನಿಂದ ವರ್ನಾ ಹುಡುಕಿದ್ದು ಇವನೊಬ್ಬನನ್ನೇ. ಹುಡುಕಿ ಹುಡುಕಿ ಮಂಡಿ ಸವೆದಿತ್ತು, ಕಣ್ಣು ಮಬ್ಬಾಗಿತ್ತು. ಈಗ ಈ ಒಡ್ಡನ್ನೇ ಒಡೆಯಬೇಕೆಂದು ಊರಿನ ಅರ್ಧ ಜನ ಪಟ್ಟು ಹಿಡಿದಿದ್ದರು. ಒಡ್ಡು ಹೋದರೆ ಹೆರಿಂಗ್ ಮೀನು ಕಡಲಿನಿಂದ ಹೊಳೆಯೇರಿ ಬಂದು ಮೊಟ್ಟೆಯಿಟ್ಟೀತು ಎಂಬುದು ಅವರ ವಾದ. ಅಂದು ಸಂಜೆಯೇ ಊರಸಭೆಯ ತೀರ್ಮಾನ. ಜೇಬೆಜನ ಕೆಲಸ ಉಳಿದಿದ್ದರೆ ಈ ಒಡ್ಡಿನ ಹಿಂದೆಯೇ ಎಂದು ನಂಬಿದ್ದ ವರ್ನಾ, ಒಡ್ಡು ಉಳಿಯಲಿ ಎನ್ನುವವರ ಮುಂದಾಳು. ಒಡೆಯಲಿ ಎನ್ನುವವರಲ್ಲಿ ಅವಳ ತಮ್ಮ ಆಲ್ಡನ್ ಒಬ್ಬ. ಅವನದು ಮೀನುದೋಣಿಯ ಬದುಕು. ಚಳಿಗಾಲವಿಡೀ ಅಕ್ಕತಮ್ಮಂದಿರ ಮಾತು ಹಿಮ ಬಿತ್ತೇ, ಹಿಮ ಕರಗಿತೇ ಎಂಬಲ್ಲಿಗೇ ನಿಂತಿತ್ತು.

“ಸಿಕ್ಕಿದ್ನಲ್ಲ, ಇನ್ನೇನು,” ಎಂದ ಆಲ್ಡನ್ ದಡದಿಂದ. “ಸಂಜೆ ಇವನನ್ನೇ ತಂದು ಮುಂದೆ ನಿಲ್ಸು. ಸತ್ತೋರ ಎದುರು ನನ್ನ ಮೀನು ಎಲ್ಲಿ ಗೆಲ್ಲತ್ತೆ?”

“ಬಾಯಿ ಸಾಕು, ಕೈ ಕೊಡು. ಕಾಲು ಹೂತ್ಕೊಂಡಿದೆ.”

“ಏಳು ತಲೆಮಾರು ಹಿಂದಿನೋನ್ನೇ ಎಳೆದು ಹಾಕಿದೋಳು! ನಿನ್ನ ಕಾಲು ನೀನೇ ಎಳ್ಕೊಳ್ಳಕ್ಕೆ ಏನು ದಾಡಿ?” ಎನ್ನುತ್ತಲೇ ಅವನು ಇಳಿದು ಬಂದ.

ಅವನು ಎಳೆದ ರಭಸಕ್ಕೆ ಮುಗ್ಗರಿಸಿದ ವರ್ನಾ, ಎದುರಿನ ಇನ್ನೊಂದು ಕಂಬವನ್ನು ತಬ್ಬಿಕೊಂಡಳು. ಅದರ ಒಳಮೈಯಲ್ಲಿ ಉದ್ದಕ್ಕೂ ಒಂದು ತೋಡು. ತಿರುಗಿ ನೋಡಿದರೆ ಗುರುತಿನ ಕಂಬಕ್ಕೂ ಅಂಥದೇ ತೋಡು. ಹಲಗೆ ಜಾರಿಸಿ, ಹಲಗೆ ಎತ್ತಿ, ಎರಡೂ ನುಣುಪಾಗಿದ್ದವು. ಎರಡು ಕಂಬಗಳ ನಡುವಿನ ಹೊಸಿಲನ್ನು ಬೇಕೆಂದೇ ತಗ್ಗಿಸಿ, ಅದರ ಮುಂದೆ ಚಪ್ಪಡಿಗಳನ್ನು ಇಳಿಜಾರಾಗಿ ಹಾಸಲಾಗಿತ್ತು. ಹೊಳೆಯ ದಡದಲ್ಲೇ ಬೆಳೆದ ಆ ಇಬ್ಬರಿಗೂ ಬಿಡಿಸಿ ಹೇಳುವವರು ಬೇಕಿರಲಿಲ್ಲ. ವಸಂತದಲ್ಲಿ ಹಲಗೆ ಎತ್ತಿ ಮೀನಿಗೆ ದಾರಿ. ಮೀನು ಹತ್ತಿ ಮುಗಿದ ಮೇಲೆ ಹಲಗೆ ಇಳಿಸಿ ಗಿರಣಿಗೆ ನೀರು. ಆ ದಾರಿಗೆ ಅಡ್ಡಲಾಗಿ, ಸಂದಿಲ್ಲದಂತೆ ನಿಂತಿತ್ತು ಕಲ್ಲೊಡ್ಡು. ಅದನ್ನು ಕಟ್ಟಿಸಿದವನು ಜೇಬೆಜನ ಮೊಮ್ಮಗ ಅಮೋಸ್, ಬಟ್ಟೆ ಗಿರಣಿಯ ಧಣಿ.

ಆಲ್ಡನ್ ಒಮ್ಮೆ ದಡದತ್ತ ತಿರುಗಿ ನೋಡಿದ. ಆಮೇಲೆ ಬಗ್ಗಿ ಬೊಗಸೆ ತುಂಬ ಕೆಸರೆತ್ತಿ ಒಂದು ತೋಡಿಗೆ ಮೆತ್ತಿದ. ಇನ್ನೊಂದಕ್ಕೂ ಮೆತ್ತಿದ.

“ಏನೋ ಅದು?”

“ನಾನೇನೂ ನೋಡಿಲ್ಲ ಅಕ್ಕ. ನಂಗೆ ಹೆರಿಂಗ್ ಬೇಕು, ನಿಜ. ಆದ್ರೆ ಈ ಮುದುಕನ್ನ ಬಿಟ್ರೆ ನಿಂಗೆ ಇನ್ಯಾರಿದಾರೆ? ಒಡ್ಡು ಹೋದ್ರೆ ಇವನೂ ಹೋಗ್ತಾನೆ. ನೀರಲ್ಲಿ ಎಷ್ಟು ವರ್ಷವಾದ್ರೂ ಇರೋ ಮರ, ಗಾಳಿಗೆ ಬಿದ್ರೆ ಪುಡಿ ಪುಡಿ.”

“ಗೊತ್ತು,” ಎಂದಳು ವರ್ನಾ.

ಸಂಜೆ ಸಭಾಭವನದ ತುಂಬ, ಸಭೆಗೆ ಮುಂಚಿನ ಊರೂಟಕ್ಕೆ ಬೇಯಿಸಿದ ಬೀನ್ಸಿನ ವಾಸನೆ ಹರಡಿತ್ತು. ಅಧ್ಯಕ್ಷ ಪ್ಯೂರಿಂಗ್ಟನ್ ಹೆಸರು ಕರೆದೊಡನೆ ವರ್ನಾ ಕುರ್ಚಿಯ ಬೆನ್ನು ಹಿಡಿದು ಎದ್ದಳು. “ಒಡ್ಡಿನ ಹಿಂದೆ ನೀರಿನ ತಳದಲ್ಲಿರೋದು ಜೇಬೆಜ್ ಕಟ್ಟಿದ ಗಿರಣಿಕಟ್ಟೆ. ಇವತ್ತು ಕಣ್ಣಾರೆ ಕಂಡೆ.” ಅವಳ ಕಡೆಯವರು ಚಪ್ಪಾಳೆ ತಟ್ಟಿದರು. ಅದು ನಿಲ್ಲುವವರೆಗೆ ಕಾದಳು. “ಅದರಲ್ಲಿ ಅವನು ಮೀನಿಗೆ ಕಂಡಿ ಬಿಟ್ಟಿದ್ದ. ಮುಚ್ಚಿಸಿದ್ದು ಇವರು.” ಗೋಡೆಯಲ್ಲಿ ಗಿಲೀಟಿನ ಚೌಕಟ್ಟಿನೊಳಗೆ ಕುಳಿತಿದ್ದ ಅಮೋಸ್ ಲಫ್ಕಿನ್ನನತ್ತ ಗದ್ದ ಎತ್ತಿ ತೋರಿಸಿದಳು. “ಇಬ್ಬರೂ ನಮ್ಮನೇವ್ರೇ.”

ಚಳಿಗಾಲವಿಡೀ ಅವಳೊಡನೆ ಮನೆಮನೆ ತಿರುಗಿದ್ದ ಹಾರಿಯೆಟ್ ತೋಳು ಹಿಡಿದು ಜಗ್ಗಿದಳು. “ತಲೆಗಿಲೆ ಕೆಟ್ಟಿದ್ಯಾ? ಯಾರ ಕಡೆ ನೀನು?”

“ಸಾಕಾಗಿದೆ ಹಾರಿಯೆಟ್. ಇದನ್ನೂ ಹೊಟ್ಟೇಲಿಟ್ಕೊಂಡು ಮನೆಗೆ ನಡೆಯೋ ತ್ರಾಣ ಇಲ್ಲ ನಂಗೆ.”

ಒಡ್ಡು ಒಡೆಯಲಿ ಎನ್ನುವವರು ಕೈ ಎತ್ತಬೇಕೆಂದು ಅಧ್ಯಕ್ಷ ಕೂಗಿದ. ಎಣಿಸುವವನು ತಮ್ಮ ಸಾಲು ದಾಟುವವರೆಗೆ ಯಾರೂ ಕೈ ಇಳಿಸುವಂತಿಲ್ಲ. ಆ ಊರಿನ ಕಟ್ಟಳೆ ಅದು. ವರ್ನಾ ಕೈ ಎತ್ತಿದಳು. ಎಣಿಸುವವನು ಅರ್ಧ ಭವನ ದಾಟಿ ಲೆಕ್ಕ ತಪ್ಪಿ, ತನ್ನನ್ನೇ ಬೈದುಕೊಂಡು, ಮತ್ತೆ ಮೊದಲ ಸಾಲಿಗೆ ಹೋದ. ಅವಳ ಕೈ ಸೋತು ಬಾಗತೊಡಗಿತು. ಹಿಂದಿನ ಸಾಲಿನಲ್ಲಿ ಬಲಗೈ ಎತ್ತಿ ನಿಂತಿದ್ದ ಆಲ್ಡನ್, ಉಗುರುಸಂದಿಯ ಕೆಸರು ಇನ್ನೂ ಹೋಗದ ಎಡಗೈಯನ್ನು ಮುಂದೆ ಚಾಚಿ, ಅಕ್ಕನ ಮೊಣಕೈಗೆ ಆನಿಕೆ ಕೊಟ್ಟ.